ಲ್ಯಾಪ್‌ಲ್ಯಾಂಡಿನಲ್ಲಿ ಹಸ್ಕಿ ಸ್ಲೆಡ್: ಹೋಗಿ ಬಂದೆ, ಬಿದ್ದೂ ಬಂದೆ

ಚಳಿಗೆ ಚಾ

ಹೋದ ಫೆಬ್ರವರಿಯಲ್ಲಿ ನಾನು, ನನ್ನ ಹೆಂಡತಿ ಫಿನ್ಲೆಂಡಿನ ಉತ್ತರಕ್ಕೆ, ಲ್ಯಾಪ್‌ಲ್ಯಾಂಡಿಗೆ ಹೋಗಿದ್ದೆವು. ಹಸ್ಕಿ ಸವಾರಿ, ಅಂದರೆ ಹಸ್ಕಿ ನಾಯಿಗಳು ಹಿಮದ ಮೇಲೆ ಎಳೆಯುವ ಬಂಡಿಯಲ್ಲಿ ಹೋಗುವುದು, ಹೇಗಿರುತ್ತದೆ ಅಂತ ಇಲ್ಲಿ ಆಗಾಗ ಯಾರಾದರೂ ಕೇಳುತ್ತಾರೆ. ಉತ್ತರವಾಗಿ ಫೋಟೋ ಬರುತ್ತವೆ, ವಿಷಯ ಬರುವುದಿಲ್ಲ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲಿಗೆ, ಸವಾರಿ ಅನ್ನುವ ಪದವೇ ಸರಿಯಿಲ್ಲ. ಆನೆ ಮೇಲೋ ಒಂಟೆ ಮೇಲೋ ಕೂತರೆ ನಾವು ಬರೀ ಮೂಟೆ. ಇಲ್ಲಿ ಹಾಗಲ್ಲ, ನಿಮಗೂ ಕೆಲಸ ಇದೆ. ಜಾರುಬಂಡಿ ಅನ್ನೋಣ ಅಂದರೆ ಪಾರ್ಕಿನದು ನೆನಪಾಗುತ್ತದೆ. ಸ್ಲೆಡ್ ಅಂತಲೇ ಬರೆಯುತ್ತೇನೆ.

ಹೆಲ್ಸಿಂಕಿಯಿಂದ ರಾತ್ರಿ ರೈಲು ಹತ್ತಿ ಕೊಲಾರಿಗೆ ಹೋದೆವು. ಹೌದು, ಕೊಲಾರಿ! ನಮ್ಮ ಕೋಲಾರದವರು ಅಲ್ಲಿನ ಬೋರ್ಡಿನ ಮುಂದೆ ಒಂದು ಫೋಟೋ ತೆಗೆಸಿಕೊಳ್ಳಬಹುದು. ಫಿನ್ಲೆಂಡಿನಲ್ಲಿ ರೈಲು ಹೋಗುವ ಉತ್ತರದ ಕೊನೆಯ ನಿಲ್ದಾಣ ಅದು. ಅಲ್ಲಿಂದ ಬಸ್ಸಿನಲ್ಲಿ ಆ್ಯಕ್ಯಾಸ್‌ಲೊಂಪೊಲೊ ಅನ್ನುವ ಹಳ್ಳಿ. ಹೆಸರು ಬಾಯಿಗೆ ಕೂರುವಷ್ಟರಲ್ಲಿ ಊರು ಬಿಡುವ ದಿನ ಬಂದಿತ್ತು. ಪಲ್ಲಾಸ್-ಯುಲ್ಲಾಸ್‌ತುಂತುರಿ ರಾಷ್ಟ್ರೀಯ ಉದ್ಯಾನ ಅಲ್ಲೇ ಪಕ್ಕದಲ್ಲಿದೆ, ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ. ಹಸ್ಕಿ ಕೆನಲ್, ಅಂದರೆ ನಾಯಿಗಳನ್ನು ಸಾಕುವ ಜಾಗ, ಇದ್ದದ್ದು ಅಲ್ಲಿಂದ ಮುಓನಿಯೊ ಕಡೆಗೆ ಹೋಗುವ ದಾರಿಯಲ್ಲಿ.

ಬೆಳಿಗ್ಗೆ ಮೈನಸ್ 22. ಉಸಿರು ಎಳೆದರೆ ಮೂಗಿನೊಳಗಿನ ಕೂದಲು ಗರಿಗರಿ ಅನ್ನುತ್ತದೆ. ಕೆನಲ್‌ನವರು ಇಡೀ ಮೈ ಮುಚ್ಚುವ ದಪ್ಪ ಉಡುಪು, ಬೂಟು, ಕೈಗವಸು ಕೊಟ್ಟರು. ಒಂದು ಮಾತು: ಆ ಉಡುಪು ಹಾಕುವ ಮೊದಲೇ ಬಾತ್‌ರೂಮಿಗೆ ಹೋಗಿ ಬನ್ನಿ. ಆಮೇಲೆ ಆ ಜಿಪ್ಪು, ಪಟ್ಟಿ ಎಲ್ಲಾ ಬಿಚ್ಚಿ ಮತ್ತೆ ಹಾಕಿಕೊಳ್ಳುವುದು ಮದುವೆ ಮನೆಯಲ್ಲಿ ಸೀರೆ ಬಿಚ್ಚಿ ಉಟ್ಟ ಹಾಗೆ, ಅಂತ ನನ್ನ ಹೆಂಡತಿ ಹೇಳಿದ್ದು.

ಒಂದು ಸ್ಲೆಡ್‌ಗೆ ಇಬ್ಬರು. ಒಬ್ಬರು ಮುಂದೆ ಹಿಮಸಾರಂಗದ ಚರ್ಮದ ಮೇಲೆ ಕಾಲು ಚಾಚಿ ಕೂರುವುದು, ಇನ್ನೊಬ್ಬರು ಹಿಂದೆ ಎರಡು ಪಟ್ಟಿಗಳ ಮೇಲೆ ನಿಲ್ಲುವುದು. ನಡುವೆ ಕಬ್ಬಿಣದ ಹಲ್ಲಿರುವ ಅಡ್ಡಪಟ್ಟಿ, ಅದೇ ಬ್ರೇಕ್. ಕಾಲಲ್ಲಿ ಒತ್ತಿದರೆ ಹಿಮಕ್ಕೆ ಕಚ್ಚುತ್ತದೆ. ಸುಮ್ನೆ ತುದಿಗಾಲಲ್ಲಿ ಒತ್ತಿದರೆ ಏನೂ ಆಗುವುದಿಲ್ಲ, ಎರಡೂ ಕಾಲಿಟ್ಟು ಮೈಭಾರ ಹಾಕಬೇಕು. ನಿಂತ ಮೇಲೆ ಎರಡು ಮೊನೆಯ ಒಂದು ಕೊಕ್ಕೆಯನ್ನು ಹಿಮಕ್ಕೆ ತುಳಿದು ಇಳಿಸಬೇಕು. ದೋಣಿಗೆ ಲಂಗರು ಹಾಕಿದ ಹಾಗೆ.

ನಮಗೆ ಆರು ನಾಯಿ. ಹೊರಡುವ ಮೊದಲು ಅವುಗಳ ಗಲಾಟೆ ನೋಡಬೇಕು. ಇಡೀ ಕೆನಲ್ಲೇ ಊಳಿಡುತ್ತದೆ. ನಿಂತಲ್ಲೇ ನಾಲ್ಕೂ ಕಾಲು ಎತ್ತಿ ನೆಗೆಯುತ್ತವೆ, ಹಗ್ಗ ಕಚ್ಚುತ್ತವೆ. ಗೈಡ್ ಹುಡುಗಿ ಕಂಬಕ್ಕೆ ಕಟ್ಟಿದ್ದ ಹಗ್ಗ ಬಿಟ್ಟಳು ನೋಡಿ, ಕರೆಂಟ್ ಹೋದ ಹಿಟ್ಟಿನ ಗಿರಣಿಯ ಹಾಗೆ ಎಲ್ಲ ಸದ್ದೂ ಒಟ್ಟಿಗೇ ನಿಂತಿತು. ಆಮೇಲೆ ಕೇಳುವುದು ಪಟ್ಟಿಗಳು ಹಿಮದ ಮೇಲೆ ಸವರಿಕೊಂಡು ಹೋಗುವ ಸದ್ದು, ನಾಯಿಗಳ ಏದುಸಿರು, ಅಷ್ಟೇ.

ಕಾಡು ಸ್ಪ್ರೂಸ್, ಪೈನ್, ಬರ್ಚ್ ಮರಗಳದ್ದು. ಅಲ್ಲಿನ ಸ್ಪ್ರೂಸ್ ಕೊಂಬೆ ಅಗಲಕ್ಕೆ ಹರಡುವುದಿಲ್ಲ, ಮೇಣದಬತ್ತಿಯ ಹಾಗೆ ತೆಳ್ಳಗೆ ಮೇಲಕ್ಕೆ ಹೋಗುತ್ತದೆ. ಅಗಲವಾಗಿ ಚಾಚಿದರೆ ಹಿಮದ ಭಾರಕ್ಕೆ ಮುರಿಯುತ್ತದಲ್ಲ. ಗುಡ್ಡದ ಮೇಲಿನ ಮರಗಳು ಪೂರ್ತಿ ಹಿಮದಲ್ಲಿ ಹೂತು, ಮುಸುಕು ಹೊದ್ದ ಅಜ್ಜಿಯರು ಸಾಲಾಗಿ ನಿಂತ ಹಾಗಿರುತ್ತವೆ. ಮರದ ಮೇಲೆ ಹೀಗೆ ಕೂರುವ ಹಿಮಕ್ಕೆ ಅವರು ತುಕ್ಕು ಅಂತ ಏನೋ ಅನ್ನುತ್ತಿದ್ದರು. ನನಗೆ ಕೇಳಿಸಿದ್ದು ಹಾಗೆ.

ಈಗ ಬಿದ್ದ ಕತೆ. ಗೈಡ್ ಹೊರಡುವ ಮೊದಲು ಮೂರು ಸಲ ಹೇಳಿದ್ದು ಒಂದೇ ಮಾತು: ಏನೇ ಆದರೂ ಹಿಡಿ ಬಿಡಬೇಡಿ. ಇಳಿಜಾರಿನ ಒಂದು ತಿರುವಿನಲ್ಲಿ ಕನ್ನಡಕ ಮಂಜಾಯಿತು ಅಂತ ಒಂದು ಕೈ ಎತ್ತಿದೆ. ಸ್ಲೆಡ್ ಎಡಕ್ಕೆ ವಾಲಿತು, ನಾನು ಬಲಕ್ಕೆ. ಸೊಂಟದವರೆಗೆ ಹಿಮ. ತಲೆ ಎತ್ತಿ ನೋಡಿದರೆ ನನ್ನ ಹೆಂಡತಿ, ಆರು ನಾಯಿ ಎಲ್ಲರೂ ಕಾಡಿನೊಳಗೆ ಹೋಗುತ್ತಿದ್ದಾರೆ. ಭಾರ ಕಮ್ಮಿಯಾಯಿತಲ್ಲ, ನಾಯಿಗಳಿಗೆ ಖುಷಿ! ಕೂತವರಿಗೆ ಬ್ರೇಕ್ ಎಟಕುವುದಿಲ್ಲ. ಮುಂದಿದ್ದ ಗೈಡ್ ತನ್ನ ಸ್ಲೆಡ್‌ಗೆ ಕೊಕ್ಕೆ ಹಾಕಿ, ಓಡಿ ಬಂದು ನಮ್ಮ ಸ್ಲೆಡ್‌ನ ಮುಂದಿನ ಜೋಡಿ ನಾಯಿಗಳನ್ನು ಹಿಡಿದಳು. ನಾನು ಮುನ್ನೂರು ಮೀಟರ್ ನಡೆದು ಸೇರಿಕೊಂಡೆ. ಹೆಂಡತಿ ಹೇಳಿದ್ದು, "ರೀ, ನೀವು ಇಳಿದ ಮೇಲೆ ಗಾಡಿ ಚೆನ್ನಾಗಿ ಹೋಯಿತು."

ಒಟ್ಟು ಸುಮಾರು 20 ಕಿಲೋಮೀಟರ್, ನಡುವೆ ಒಂದು ವಿರಾಮ. ಒಬ್ಬರಿಗೆ 180 ಯೂರೋ ಕೊಟ್ಟೆವು. ಕೇಳುವುದಿದ್ದರೆ ಕೇಳಿ.

ಮಾವಿನಕಾಯಿ ಚಿತ್ರಾನ್ನ

ಒಳ್ಳೆಯ ಬರಹ. ನಾವು ಬರುವ ಚಳಿಗಾಲದಲ್ಲಿ ಹೋಗಬೇಕು ಅಂತಿದ್ದೇವೆ. ನಾವಿಬ್ಬರು, 9 ವರ್ಷದ ಮಗ, ಜೊತೆಗೆ ನಮ್ಮಮ್ಮ. ಅಮ್ಮನಿಗೆ 66, ಸೊಂಟ ನೋವು ಇದೆ. ಅವರನ್ನು ಕೂರಿಸಬಹುದಾ? ಮತ್ತೆ ನಮ್ಮ ಟ್ರಾವೆಲ್ಸ್‌ನವರು ರೊವಾನಿಯೆಮಿಯಲ್ಲೇ ಹಸ್ಕಿ ಇದೆ, ಅಷ್ಟು ಉತ್ತರಕ್ಕೆ ಯಾಕೆ ಅಂತಾರೆ. ಡಿಸೆಂಬರ್ ಒಳ್ಳೆಯದಾ, ಆಮೇಲಾ?

ಊಲು ಕನ್ನಡಿಗ

ನಾನು ಫಿನ್ಲೆಂಡಿನ ಊಲು ನಗರದಲ್ಲಿ ಕೆಲಸದ ಮೇಲೆ ಏಳು ವರ್ಷದಿಂದ ಇದ್ದೇನೆ. ಊರಿಂದ ಯಾರು ಬಂದರೂ ಹಸ್ಕಿಗೆ ಕರೆದುಕೊಂಡು ಹೋಗುವ ಡ್ಯೂಟಿ ನನ್ನದೇ. ಹಾಗಾಗಿ ಸ್ವಲ್ಪ ಅನುಭವ ಇದೆ.

ಮೊದಲು @ಚಳಿಗೆ ಚಾ ಅವರಿಗೆ: ಅದು ತುಕ್ಕು ಅಲ್ಲ ಸಾರ್, ತ್ಯುಕ್ಕ್ಯು. ತುಕ್ಕು ಹಿಡಿಯುವುದು ನಮ್ಮ ಸೈಕಲ್ಲಿಗೆ. 😄

ರೊವಾನಿಯೆಮಿ ಇರುವುದು ಸರಿಯಾಗಿ ಆರ್ಕ್ಟಿಕ್ ವೃತ್ತದ ಹತ್ತಿರ. ಸಾಂತಾ ಕ್ಲಾಸ್ ಹಳ್ಳಿ ಅಲ್ಲೇ ಇದೆ, ಮಗನಿಗೆ ಅದು ಬೇಕೇ ಬೇಕು ಅನಿಸಬಹುದು. ಆದರೆ ಅಂಥ ಜನ ಸೇರುವ ಜಾಗಗಳಲ್ಲಿ 500 ಮೀಟರ್, 1 ಕಿಲೋಮೀಟರ್ ಸುತ್ತಿಸಿ ಇಳಿಸುವ ಸವಾರಿಗಳು ಜಾಸ್ತಿ. ಕ್ಯೂ ನಿಂತದ್ದು ಅರ್ಧ ಗಂಟೆ, ಓಡಿದ್ದು ಐದು ನಿಮಿಷ. ಅದನ್ನು ನೋಡಿ "ಇಷ್ಟೇನಾ" ಅಂದವರು ನನ್ನ ನೆಂಟರಲ್ಲೇ ನಾಲ್ಕು ಜನ ಇದ್ದಾರೆ. ಬುಕ್ ಮಾಡುವಾಗ ಎಷ್ಟು ಗಂಟೆಯ ಕಾರ್ಯಕ್ರಮ ಅಂತ ನೋಡಬೇಡಿ. ಅದರಲ್ಲಿ ಬಸ್ಸು, ಬಟ್ಟೆ, ಬಿಸಿ ಜ್ಯೂಸು ಎಲ್ಲಾ ಸೇರಿರುತ್ತದೆ. ನಾಯಿ ಎಷ್ಟು ಕಿಲೋಮೀಟರ್ ಓಡುತ್ತದೆ, ಸ್ಲೆಡ್ ಓಡಿಸುವುದು ನಾವಾ ಗೈಡಾ, ಈ ಎರಡು ಕೇಳಿ. ಹತ್ತು ಕಿಲೋಮೀಟರಿಗಿಂತ ಕಮ್ಮಿ ಇದ್ದರೆ ನನ್ನ ಪ್ರಕಾರ ದುಡ್ಡು ದಂಡ. ಇಷ್ಟಕ್ಕೆ ತುಂಬಾ ಉತ್ತರಕ್ಕೆ ಹೋಗಲೇಬೇಕು ಅಂತಿಲ್ಲ, ರೊವಾನಿಯೆಮಿಯ ಹೊರಗಡೆ ಕೂಡ ಉದ್ದ ಓಡಿಸುವವರು ಇದ್ದಾರೆ.

ಯಾವಾಗ ಅಂದರೆ, ಡಿಸೆಂಬರ್ ಬೇಡ ಅಂತೀನಿ. ರೊವಾನಿಯೆಮಿಯಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಇರುವುದು ಎರಡು ಗಂಟೆ ಚಿಲ್ಲರೆ. ಇನ್ನೂ ಮೇಲೆ ಇವಾಲೊ, ಇನಾರಿ ಕಡೆ ಹೋದರೆ ಕೆಲವು ವಾರ ಸೂರ್ಯ ಹುಟ್ಟುವುದೇ ಇಲ್ಲ. ಅದಕ್ಕೆ ಇಲ್ಲಿ ಕಾಮೋಸ್ ಅಂತಾರೆ. ಮಧ್ಯಾಹ್ನ ಸ್ವಲ್ಪ ಹೊತ್ತು ನೀಲಿ ಬೆಳಕು ಬರುತ್ತದೆ, ಚೆಂದ ಇದೆ, ನಿಜ. ಆದರೆ ಮೊದಲ ಸಲ ಬರುವವರಿಗೆ ಮಾರ್ಚ್ ಒಳ್ಳೆಯದು. ಹಗಲು ಉದ್ದ, ಹಿಮ ಗಟ್ಟಿ, ಅರೋರಾಗೂ, ಅಂದರೆ ರಾತ್ರಿ ಆಕಾಶದಲ್ಲಿ ಆಡುವ ಬಣ್ಣದ ಬೆಳಕು ನೋಡಲೂ ಕತ್ತಲು ಉಳಿದಿರುತ್ತದೆ. ಒಂದೇ ತೊಂದರೆ: ಫೆಬ್ರವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ ಇಲ್ಲಿನ ಶಾಲೆಗಳಿಗೆ ಸ್ಕೀ ರಜೆ. ಆಗ ಕಾಟೇಜು, ರೈಲು ಎಲ್ಲಾ ದುಬಾರಿ.

ಅಮ್ಮನ ವಿಷಯ ನೇರವಾಗಿ ಹೇಳುತ್ತೇನೆ. ಸ್ಲೆಡ್‌ಗೆ ಸ್ಪ್ರಿಂಗ್ ಇಲ್ಲ. ಏರುತಗ್ಗಿನ ದಾರಿಯಲ್ಲಿ ಸೊಂಟಕ್ಕೆ ಏಟು ಬೀಳುತ್ತದೆ. ಅವರಿಗೆ ಹಿಮಸಾರಂಗದ ಬಂಡಿ ಹತ್ತಿಸಿ. ಅದು ನಡೆದುಕೊಂಡೇ ಹೋಗುತ್ತದೆ, ಮೇಲೆ ಕಂಬಳಿ ಹೊದಿಸುತ್ತಾರೆ, ಕೂತು ನಿದ್ದೆ ಮಾಡಬಹುದು. ಮಗ ಸ್ಲೆಡ್‌ನಲ್ಲಿ ಕೂರಬಹುದು, ಓಡಿಸಲು ಬಿಡುವುದಿಲ್ಲ.

ಹಳೇ ಪುಟ

ಹಿಮಸಾರಂಗದ ಮಾತು ಬಂದದ್ದು ಒಳ್ಳೆಯದಾಯಿತು. ಲ್ಯಾಪ್‌ಲ್ಯಾಂಡ್ ಅಂದರೆ ಹಸ್ಕಿ ಅಂತ ಎಲ್ಲರೂ ತಿಳಿದಿದ್ದಾರೆ. ಆದರೆ ಅಲ್ಲಿನ ಮೂಲ ಜನ ಸಾಮಿಗಳು ಬಂಡಿಗೆ ಕಟ್ಟುತ್ತಿದ್ದದ್ದು ಹಿಮಸಾರಂಗವನ್ನು. ಅವರ ನಾಯಿ ಮಂದೆ ಕಾಯುವ ನಾಯಿ, ಎಳೆಯುವುದಲ್ಲ. ಹಸ್ಕಿ ಸ್ಲೆಡ್ ಅಲ್ಲಿಗೆ ಬಂದದ್ದು ಪ್ರವಾಸೋದ್ಯಮದ ಜೊತೆ, ಕೆಲವೇ ದಶಕಗಳ ಹಿಂದೆ. ನಾಯಿಗಳಿಂದ ಬಂಡಿ ಎಳೆಸುವ ಹಳೆಯ ಪದ್ಧತಿ ಸೈಬೀರಿಯಾ, ಅಲಾಸ್ಕಾ, ಗ್ರೀನ್‌ಲ್ಯಾಂಡ್ ಕಡೆಯದು.

ಫಿನ್ನಿಷ್‌ನಲ್ಲಿ ಪೊರೊನ್‌ಕುಸೆಮಾ ಅಂತ ದೂರದ ಒಂದು ಹಳೆಯ ಅಳತೆ ಇದೆ. ಹಿಮಸಾರಂಗ ಒಂದು ಸಲ ಉಚ್ಚೆ ಹೊಯ್ಯಲು ನಿಂತು, ಮತ್ತೆ ನಿಲ್ಲುವವರೆಗೆ ಹೋಗುವ ದೂರ. ಸುಮಾರು ಏಳೂವರೆ ಕಿಲೋಮೀಟರ್. ನಮ್ಮ ಹರದಾರಿ ಇದರ ಮುಂದೆ ಬಹಳ ಸಭ್ಯ ಅಳತೆ.

ಹಸ್ಕಿ ಹೆಸರು ಲೋಕಕ್ಕೆಲ್ಲ ಗೊತ್ತಾಗಿದ್ದು 1925ರಲ್ಲಿ. ಅಲಾಸ್ಕಾದ ನೋಮ್ ಊರಿನಲ್ಲಿ ಗಂಟಲಮಾರಿ, ಅಂದರೆ ಡಿಫ್ತೀರಿಯಾ ಹರಡಿತು. ಚಳಿಗಾಲ, ಹಡಗು ಬರುವ ಹಾಗಿಲ್ಲ. ಇಪ್ಪತ್ತು ಜನ, ಸುಮಾರು 150 ನಾಯಿಗಳು ಕೈಯಿಂದ ಕೈಗೆ ದಾಟಿಸುತ್ತಾ ಔಷಧಿಯನ್ನು 1,085 ಕಿಲೋಮೀಟರ್ ದೂರ ಐದೂವರೆ ದಿನದಲ್ಲಿ ಮುಟ್ಟಿಸಿದರು. ಕೊನೆಯ ಹಂತ ಓಡಿದ ಬಾಲ್ಟೊ ಅನ್ನುವ ನಾಯಿಗೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪ್ರತಿಮೆ ಸಿಕ್ಕಿತು. ಆದರೆ ಎಲ್ಲರಿಗಿಂತ ಉದ್ದದ, ಎಲ್ಲಕ್ಕಿಂತ ಅಪಾಯದ ಹಂತ ಓಡಿದ್ದು ಲಿಯೊನಾರ್ಡ್ ಸೆಪ್ಪಾಲಾ ಅವರ ತಂಡ, ಮುಂದಾಳು ನಾಯಿ ಟೋಗೊ. ಆಗ ಅದಕ್ಕೆ ಹನ್ನೆರಡು ವರ್ಷ ಆಗುತ್ತಾ ಬಂದಿತ್ತು. ಗೋಲು ಹೊಡೆದವನ ಹೆಸರು ಉಳಿಯುತ್ತದೆ, ಪಾಸು ಕೊಟ್ಟವನದ್ದಲ್ಲ.

ಗಾಡಿ ಎತ್ತು

ನಾನು ಬಾಗಲಕೋಟೆ ಕಡೆಯವ, ಸಣ್ಣವನಿದ್ದಾಗಿಂದ ಚಕ್ಕಡಿ ಹೊಡೆದವ. ನನಗೆ ಒಂದು ತಿಳಿಯಲಿಲ್ಲ. ಎತ್ತಿಗೆ ಮೂಗುದಾರ ಇರುತ್ತದೆ, ಕೈಯಲ್ಲಿ ಹಗ್ಗ ಇರುತ್ತದೆ, ಬಾರುಕೋಲು ಇರುತ್ತದೆ. ಫೋಟೋದಲ್ಲಿ ನೋಡಿದರೆ ನಾಯಿಗೆ ಅಂಥದ್ದು ಏನೂ ಇಲ್ಲ. ತಿರುಗಿಸುವುದು ಹೇಗೆ? ಯಾವ ನಾಯಿ ಎಲ್ಲಿ ಕಟ್ಟಬೇಕು ಅಂತ ಲೆಕ್ಕ ಇದೆಯಾ?

ಚಳಿಗೆ ಚಾ

@ಗಾಡಿ ಎತ್ತು ಅಣ್ಣಾ, ಇದೇ ಪ್ರಶ್ನೆ ನಾನು ಗೈಡ್‌ಗೆ ಕೇಳಿದೆ. ಲಗಾಮು ಇಲ್ಲವೇ ಇಲ್ಲ. ಇರುವುದು ಬಾಯಿ ಮಾತು ಮತ್ತೆ ಬ್ರೇಕು. ಬಲಕ್ಕೆ "ಜೀ", ಎಡಕ್ಕೆ "ಹಾ". ಇವು ಇಂಗ್ಲಿಷ್ ಸೀಮೆಯಲ್ಲಿ ಎತ್ತು, ಕುದುರೆ ಹೊಡೆಯುವವರು ಕೂಗುತ್ತಿದ್ದ ಮಾತುಗಳೇ ಅಂತೆ. ಅಂದರೆ ನಿಮ್ಮ ಕಸುಬಿನಿಂದಲೇ ಹೋದದ್ದು! ನಮ್ಮಂಥ ಪ್ರವಾಸಿಗಳು ಏನು ಕೂಗಿದರೂ ಒಂದೇ, ನಾಯಿಗಳು ಮುಂದಿನ ಗೈಡ್‌ನ ಜಾಡು ಹಿಡಿದು ಹೋಗುತ್ತವೆ. ನಾನು ಕನ್ನಡದಲ್ಲಿ "ನಿಲ್ರೋ" ಅಂದೆ, ಒಂದು ಮಾತ್ರ ತಿರುಗಿ ನೋಡಿತು.

ಕಟ್ಟುವುದಕ್ಕೆ ಲೆಕ್ಕ ಇದೆ. ನಡುವೆ ಒಂದು ಉದ್ದ ಹಗ್ಗ, ಅದರ ಎರಡೂ ಕಡೆ ಜೋಡಿ ಜೋಡಿ. ಮುಂದಿನ ಜೋಡಿ ಬುದ್ಧಿವಂತರು, ಮಾತು ಕೇಳುವವರು. ಇವು ಬಹಳ ಸಲ ಹೆಣ್ಣು ನಾಯಿಗಳು, ಗಾತ್ರದಲ್ಲಿ ಸಣ್ಣವು. ಸ್ಲೆಡ್ ಪಕ್ಕದ ಹಿಂದಿನ ಜೋಡಿ ಗಟ್ಟಿಮುಟ್ಟಾದವು, ತಿರುವಿನಲ್ಲಿ ಸ್ಲೆಡ್‌ನ ಭಾರ ಮೊದಲು ಬೀಳುವುದು ಅವುಗಳ ಮೇಲೆ. ನಡುವಿನವರು ಸುಮ್ನೆ ಎಳೆಯುವವರು, ನಮ್ಮ ಆಫೀಸಿನ ಹಾಗೆ. ಕುತ್ತಿಗೆಗೆ ಇರುವುದು ಸಣ್ಣ ಹಗ್ಗ, ದಾರಿ ತಪ್ಪದಿರಲಿ ಅಂತ. ಎಳೆಯುವುದು ಎದೆ, ಬೆನ್ನು ಸುತ್ತುವ ಪಟ್ಟಿಯಿಂದ.

ಇನ್ನೊಂದು. ಏರು ಬಂದಾಗ ಹಿಂದೆ ನಿಂತವರು ಇಳಿದು ಹಿಡಿ ಬಿಡದೆ ಓಡಬೇಕು, ಇಲ್ಲವೇ ಒಂದು ಕಾಲಲ್ಲಿ ಒದೆಯಬೇಕು. ನಾನು ಮೊದಲ ಏರಿನಲ್ಲಿ ಆರಾಮಾಗಿ ನಿಂತಿದ್ದೆ. ಹಿಂದಿನ ಜೋಡಿಯಲ್ಲಿ ಒಂದು ನಾಯಿ ಕತ್ತು ತಿರುಗಿಸಿ ನನ್ನನ್ನೇ ನೋಡಿತು. ನಮ್ಮ ಸೋದರತ್ತೆ ಪಾತ್ರೆ ತೊಳೆಯುವಾಗ ನೋಡುವ ನೋಟ. ಇಳಿದು ತಳ್ಳಿದೆ.

ಗಾಡಿ ಎತ್ತು

ಎತ್ತೂ ಹಾಗೇ ನೋಡುತ್ತದೆ. ನಮ್ಮ ಕಡೆ ಮುಧೋಳ ನಾಯಿ ಇದೆ, ಮೊಲದ ಹಿಂದೆ ಬಿಟ್ಟರೆ ಗಾಳಿ. ಆದರೆ ಬಂಡಿಗೆ ಕಟ್ಟಿದರೆ ನಮ್ಮನ್ನೇ ಕಚ್ಚೀತು.

ಮೂಕಪ್ರಾಣಿ

ಎಲ್ಲರೂ ಖುಷಿಯಲ್ಲಿ ಬರೆಯುತ್ತಿದ್ದೀರಿ, ನಡುವೆ ಬಂದದ್ದಕ್ಕೆ ಕ್ಷಮಿಸಿ. ಚಳಿಯಲ್ಲಿ ನಾಯಿ ಕಟ್ಟಿ ನಮ್ಮ ಭಾರ ಎಳೆಸುವುದು ಹಿಂಸೆ ಅಲ್ವಾ? 2010ರ ಚಳಿಗಾಲದ ಒಲಿಂಪಿಕ್ಸ್ ಮುಗಿದ ಮೇಲೆ ಕೆನಡಾದ ವಿಸ್ಲರ್ ಹತ್ತಿರ ಗಿರಾಕಿ ಕಮ್ಮಿಯಾದರು ಅಂತ ಐವತ್ತಕ್ಕೂ ಹೆಚ್ಚು ಸ್ಲೆಡ್ ನಾಯಿಗಳನ್ನು ಕೊಂದು ಹೂತರು. ಕೋರ್ಟಿಗೂ ಹೋಯಿತು. ಸೀಸನ್ ವ್ಯಾಪಾರದಲ್ಲಿ ಪ್ರಾಣಿ ಇಟ್ಟರೆ ಹೀಗೇ ಆಗುವುದು.

ಚಳಿಗೆ ಚಾ

ಪ್ರಶ್ನೆ ಸರಿ ಇದೆ, ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಓಡುವುದರ ಬಗ್ಗೆ ನನಗೆ ಅನುಮಾನ ಉಳಿಯಲಿಲ್ಲ. ಕೆನಲ್‌ನಲ್ಲೇ ಬಿಟ್ಟ ನಾಯಿಗಳು ಅಳುತ್ತಿದ್ದವು, ಕಟ್ಟಿಸಿಕೊಂಡವು ನೆಗೆಯುತ್ತಿದ್ದವು. ಚಳಿಯೂ ಅವುಗಳಿಗೆ ಕಷ್ಟ ಅಲ್ಲ. ಮೈನಸ್ 10, ಮೈನಸ್ 20ರಲ್ಲಿ ಅವು ಆರಾಮ. ಸೊನ್ನೆ ಹತ್ತಿರ ಬಂದರೆ ಸೆಖೆಗೆ ಸುಸ್ತಾಗುತ್ತವೆ, ಓಡುತ್ತಲೇ ಪಕ್ಕದ ಹಿಮಕ್ಕೆ ಬಾಯಿ ಹಾಕುತ್ತವೆ. ನನ್ನ ಅನುಮಾನ ಇರುವುದು ಓಡದ ಹೊತ್ತಿನ ಬಗ್ಗೆ. ದಿನದ ಉಳಿದ ಗಂಟೆಗಳು, ಬೇಸಿಗೆ, ಮುಪ್ಪು.

ಊಲು ಕನ್ನಡಿಗ

@ಮೂಕಪ್ರಾಣಿ ಹೇಳಿದ್ದನ್ನು ತಳ್ಳಿಹಾಕುವ ಹಾಗಿಲ್ಲ. ಕೆನಲ್‌ಗಳಲ್ಲಿ ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಕೊರೊನಾ ಬಂದ ಚಳಿಗಾಲದಲ್ಲಿ ಪ್ರವಾಸಿಗಳೇ ಇಲ್ಲ, ನಾಯಿಗಳ ಹೊಟ್ಟೆ ಮಾತ್ರ ಹಾಗೇ ಇತ್ತು. ಆಗ ಕಷ್ಟಪಟ್ಟು ಸಾಕಿದವರನ್ನು ನೋಡಿದ್ದೇನೆ.

ನಾನು ಬುಕ್ ಮಾಡುವ ಮೊದಲು ಮೇಲ್ ಹಾಕಿ ಕೇಳುತ್ತೇನೆ. ವಯಸ್ಸಾದ ನಾಯಿಗಳನ್ನು ಏನು ಮಾಡುತ್ತೀರಿ? ಒಂದು ನಾಯಿ ದಿನಕ್ಕೆ ಎಷ್ಟು ಸಲ ಓಡುತ್ತದೆ, ವಾರಕ್ಕೆ ಎಷ್ಟು ದಿನ ರಜೆ? ಸರಪಳಿಯಲ್ಲಿ ಇಡುತ್ತೀರಾ, ಬೇಲಿ ಹಾಕಿದ ಜಾಗದಲ್ಲಿ ಬಿಡುತ್ತೀರಾ? ಒಳ್ಳೆಯವರು ಪುಟಗಟ್ಟಲೆ ಉತ್ತರ ಬರೆಯುತ್ತಾರೆ, ಮುದಿ ನಾಯಿಗಳನ್ನು ಮನೆಗಳಿಗೆ ದತ್ತು ಕೊಟ್ಟ ಕತೆ ಹೇಳುತ್ತಾರೆ. ಬೆಲೆಪಟ್ಟಿ ಮಾತ್ರ ಕಳಿಸಿದರೆ ನಾನು ಬೇರೆ ಕಡೆ ನೋಡುತ್ತೇನೆ. ಹೋದ ಮೇಲೂ ಪಂಜ ನೋಡಿ, ಗಾಯ ಇದೆಯಾ ಅಂತ. ಗೈಡ್‌ಗೆ ಪ್ರತಿ ನಾಯಿಯ ಹೆಸರು ಗೊತ್ತಾ ನೋಡಿ. ನೂರೈವತ್ತು ನಾಯಿ ಇದ್ದರೂ ಗೊತ್ತಿರುತ್ತದೆ, ಆಶ್ಚರ್ಯ ಆಗುತ್ತದೆ.

ಮೂಕಪ್ರಾಣಿ

ಸರಿ. ನಾನು ಹೋಗುವುದಿಲ್ಲ, ಆದರೆ ಹೋಗುವವರು ಇಷ್ಟಾದರೂ ಕೇಳಲಿ.

ಸಂಜೆಮಲ್ಲಿಗೆ

ಹೆಂಗಸರಿಗೆ ಯಾರೂ ಹೇಳದ ಮಾತು ನಾನು ಹೇಳುತ್ತೇನೆ. ಕಿವಿ ಓಲೆ, ಮೂಗುತಿ ರೂಮಿನಲ್ಲೇ ತೆಗೆದಿಡಿ. ಲೋಹ ತಣ್ಣಗಾಗಿ ಚರ್ಮಕ್ಕೆ ಅಂಟಿದ ಹಾಗಾಗುತ್ತದೆ, ನನ್ನ ಕಿವಿ ಎರಡು ದಿನ ಕೆಂಪಗೆ ಉರಿಯುತ್ತಿತ್ತು. ಕಾಲುಂಗುರ ಇದ್ದರೆ ಬೂಟು ಬಿಗಿಯಾಗುತ್ತದೆ. ಬೂಟು ಯಾವಾಗಲೂ ಒಂದು ಸೈಜ್ ದೊಡ್ಡದೇ ಕೇಳಿ. ಬೆರಳು ಆಡಿಸಲು ಜಾಗ ಇಲ್ಲದಿದ್ದರೆ ಮೂರು ಕಾಲುಚೀಲ ಹಾಕಿದರೂ ಚಳಿ. ಒಳಗೆ ಹತ್ತಿ ಬಟ್ಟೆ ಬೇಡವೇ ಬೇಡ, ಬೆವರು ಹೀರಿ ಒದ್ದೆಯಾಗಿ ಕೂರುತ್ತದೆ. ಮೆರಿನೊ ಉಣ್ಣೆಯ ಒಂದು ಜೊತೆ ಸಾಕು. ಏರಿನಲ್ಲಿ ಓಡುವಾಗ ಬೆವರುತ್ತೀರಿ, ಇಳಿಜಾರಿನಲ್ಲಿ ಅದೇ ಬೆವರು ತಣ್ಣಗಾಗುತ್ತದೆ.

ಫೋನ್ ಹೊರಗಿನ ಜೇಬಿನಲ್ಲಿಟ್ಟರೆ 60 ಪರ್ಸೆಂಟ್ ಚಾರ್ಜ್ ಇದ್ದದ್ದು ಏಕದಂ ಆಫ್ ಆಗುತ್ತದೆ. ಎದೆಗೆ ಹತ್ತಿರ, ಒಳಗಿನ ಪದರದಲ್ಲಿಡಿ. ಕ್ಯಾಮೆರಾ ಆದರೆ ಬೆಚ್ಚಗಿನ ರೂಮಿಗೆ ಬರುವ ಮೊದಲು ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತನ್ನಿ, ಇಲ್ಲದಿದ್ದರೆ ಲೆನ್ಸ್ ಒಳಗೆಲ್ಲ ನೀರು.

ಮತ್ತೆ ಕೂತು ಹೋಗುವವರಿಗೆ: ನಾಯಿಗಳು ಓಡುತ್ತಲೇ ಕಕ್ಕ ಮಾಡುತ್ತವೆ. ವಾಸನೆ ಪೂರ್ತಿ ನಿಮಗೇ. ಜಾಹೀರಾತಿನಲ್ಲಿ ಇದು ಇರುವುದಿಲ್ಲ.

ಮಾವಿನಕಾಯಿ ಚಿತ್ರಾನ್ನ

ಅಯ್ಯೋ 😂 ನಾವು ಸಸ್ಯಾಹಾರಿಗಳು. ಊಟ ಹೇಗೆ? ಅಮ್ಮ ಈಗಲೇ ತುಪ್ಪ, ಚಟ್ನಿಪುಡಿ, ಧಾರವಾಡ ಪೇಡೆ ಎಲ್ಲಾ ಪಟ್ಟಿ ಮಾಡಿದ್ದಾರೆ.

ಊಲು ಕನ್ನಡಿಗ

ತುಪ್ಪ, ಪೇಡೆ ಪಟ್ಟಿಯಿಂದ ತೆಗೆಸಿ. ಹೊರಗಿನ ದೇಶಗಳಿಂದ ಯುರೋಪಿಯನ್ ಒಕ್ಕೂಟದೊಳಗೆ ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ. ಸಿಕ್ಕರೆ ಬಿಸಾಡುತ್ತಾರೆ. ನಮ್ಮತ್ತೆ ಒಂದು ಸಲ ಏರ್‌ಪೋರ್ಟಿನಲ್ಲಿ ನಿಂತು ಅರ್ಧ ಕೇಜಿ ಪೇಡೆ ತಿಂದು ಮುಗಿಸಲು ನೋಡಿದರು, ಆಗಲಿಲ್ಲ. ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು ತರಬಹುದು.

ಹಸ್ಕಿ ಟೂರಿನ ನಡುವೆ ಕೋಟಾ ಅನ್ನುವ ಮರದ ಗುಡಿಸಲಿನಲ್ಲಿ ಬೆಂಕಿ ಹಾಕಿ ಊಟ ಕೊಡುತ್ತಾರೆ. ಸಾಮಾನ್ಯವಾಗಿ ಸಾಲ್ಮನ್ ಮೀನಿನ ಸೂಪು, ಸುಟ್ಟ ಸಾಸೇಜು. ಬುಕ್ ಮಾಡುವಾಗಲೇ ಸಸ್ಯಾಹಾರ ಬೇಕು ಅಂತ ಬರೆದರೆ ತರಕಾರಿ ಸೂಪು ಮಾಡಿಕೊಡುತ್ತಾರೆ. ಅಂಗಡಿಯಲ್ಲಿ "ಕಸ್ವಿಸ್" ಅಂತ ಇದ್ದರೆ ತರಕಾರಿಯದು. ಕರೇಲಿಯಾದ ಕಡುಬು ಅಂತ ಒಂದು ಸಿಗುತ್ತದೆ, ರೈ ಹಿಟ್ಟಿನೊಳಗೆ ಅನ್ನದ ಗಂಜಿ ತುಂಬಿ ಸುಟ್ಟದ್ದು. ಮಕ್ಕಳು ತಿನ್ನುತ್ತಾರೆ. ಅದರ ಮೇಲೆ ಮೊಟ್ಟೆ ಬೆಣ್ಣೆ ಹಚ್ಚಿ ಕೊಡುವುದು ರೂಢಿ, ಬೇಡ ಅನ್ನಿ.

ವೀಸಾ ಶೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. ದೊಡ್ಡವರಿಗೆ 90 ಯೂರೋ, ಮಗನಿಗೆ 45. ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. 30,000 ಯೂರೋ ಮೊತ್ತದ ಮೆಡಿಕಲ್ ವಿಮೆ ಬೇಕು. ಮಾರ್ಚಿಗೆ ಬರುವುದಾದರೆ ನವೆಂಬರಿನಲ್ಲೇ ಶುರು ಮಾಡಿ.

ಜಯನಗರದ ಹಸ್ಕಿ ಅಪ್ಪ

ಇದನ್ನೆಲ್ಲ ಓದಿ "ವಾಪಸ್ ಬಂದ ಮೇಲೆ ಒಂದು ಹಸ್ಕಿ ಸಾಕೋಣ" ಅನ್ನುವವರಿಗೆ ನನ್ನ ಕೋರಿಕೆ: ಬೇಡ. ನಾನು ತಪ್ಪು ಮಾಡಿದವನೇ. ಐದು ವರ್ಷದ ಹಿಂದೆ ಮರಿ ತಂದೆ. ಬೆಂಗಳೂರು ತಂಪು ಊರು ಅಂತ ಮಾರಿದವನು ಹೇಳಿದ್ದ. ಏಪ್ರಿಲ್‌ನಲ್ಲಿ ಅದು ಬಚ್ಚಲುಮನೆ ಬಿಟ್ಟು ಬರುವುದಿಲ್ಲ. ಎಸಿ ಬಿಲ್ಲು ನನ್ನ ಹೆಂಡತಿಗೆ ತೋರಿಸುವುದಿಲ್ಲ. ಎರಡು ಪದರದ ಕೂದಲು, ಬೋಳಿಸಿದರೆ ತಂಪಾಗುತ್ತದೆ ಅನ್ನುವುದು ತಪ್ಪು, ಬಿಸಿಲು ನೇರ ಚರ್ಮಕ್ಕೆ ಬೀಳುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಆರು ಕಿಲೋಮೀಟರ್ ಓಡಿಸುತ್ತೇನೆ, ಅದಕ್ಕೆ ಸಾಲುವುದಿಲ್ಲ, ನನಗೆ ಮಂಡಿ ನೋವು. ಗೇಟು ಹಾರಿ ಎರಡು ಸಲ ಹೋಗಿದೆ. ಒಂದು ಸಲ ಬನಶಂಕರಿಯಲ್ಲಿ ಸಿಕ್ಕಿತು.

ಚಳಿಗೆ ಚಾ

ನಾವು ನೋಡಿದವು ನಿಮ್ಮ ಮನೆಯದರ ಹಾಗೆ ನೀಲಿ ಕಣ್ಣು, ದಪ್ಪ ಕೂದಲಿನವು ಅಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಹೆಚ್ಚಿನವು ಅಲಾಸ್ಕನ್ ಹಸ್ಕಿ. ಅದು ತಳಿ ಅಲ್ಲ, ಓಡುವ ಶಕ್ತಿ ನೋಡಿ ಬೆರೆಸಿದ ಮಿಶ್ರ ನಾಯಿ. ಸಣಕಲು ಮೈ, ಉದ್ದ ಕಾಲು, ತೂಕ 20-25 ಕೇಜಿ. ನಮ್ಮ ಬೀದಿ ನಾಯಿಗಳ ಹಾಗೇ ಕಾಣುತ್ತವೆ. ನನ್ನ ಹೆಂಡತಿ ಮೊದಲು ನೋಡಿ, "ಇವೇನಾ? ನಮ್ಮ ಬೀದಿಯ ಕರಿಯನ ಹಾಗಿವೆ" ಅಂದಳು.

ಮಾವಿನಕಾಯಿ ಚಿತ್ರಾನ್ನ

ಎಲ್ಲರಿಗೂ ಥ್ಯಾಂಕ್ಸ್. ಮಾರ್ಚ್ ಎರಡನೇ ವಾರ ಅಂತ ಇಟ್ಟುಕೊಂಡಿದ್ದೇವೆ. 15 ಕಿಲೋಮೀಟರಿನದ್ದು ನಾವು ಮೂವರು, ಅಮ್ಮನಿಗೆ ಹಿಮಸಾರಂಗ. ಆ ಮೂರು ಪ್ರಶ್ನೆ ಎರಡು ಕೆನಲ್‌ಗೆ ಮೇಲ್ ಮಾಡಿದೆ. ಒಂದರಿಂದ ಒಂದೂವರೆ ಪುಟ ಉತ್ತರ ಬಂತು, ಜೊತೆಗೆ ಹದಿಮೂರು ವರ್ಷದ ಒಂದು ನಾಯಿ ಸೋಫಾ ಮೇಲೆ ಮಲಗಿದ ಫೋಟೋ. ಇನ್ನೊಂದರಿಂದ ಬೆಲೆಪಟ್ಟಿ.

ಅಮ್ಮ ಎಲ್ಲಾ ಓದಿಸಿಕೊಂಡು ಕೇಳಿದ್ದು ಒಂದೇ. ಪೇಡೆ ತರುವ ಹಾಗಿಲ್ಲ ಸರಿ, ನಾಯಿಗಳಿಗೆ ಮಾರಿ ಬಿಸ್ಕತ್ತು ತರಬಹುದಾ?

ಊಲು ಕನ್ನಡಿಗ

ತರಲಿ, ಆದರೆ ನಾಯಿಗಳಿಗಲ್ಲ. ಅವುಗಳ ಊಟ ಕೆನಲ್‌ನವರು ಲೆಕ್ಕ ಹಾಕಿ ಕೊಡುತ್ತಾರೆ, ಮಾಂಸ, ಕೊಬ್ಬು, ಬೆಚ್ಚಗಿನ ನೀರು. ಓಡಿ ಬಂದ ಮೇಲೆ ಕೆಲವು ಕಡೆ ಅದನ್ನು ಬಡಿಸಲು ನಮಗೇ ಸೌಟು ಕೊಡುತ್ತಾರೆ. ಅಮ್ಮನಿಗೆ ಆ ಕೆಲಸ ಕೇಳಿ ನೋಡಿ. ಮಾರಿ ಬಿಸ್ಕತ್ತು ನನಗಿರಲಿ, ನಾನು ರೊವಾನಿಯೆಮಿ ಸ್ಟೇಷನ್ನಿಗೆ ಬರುತ್ತೇನೆ.